ಕೆಂಪವ್ವ ಆರಗೊಡದ ದೀಪ

ಕೊಣ್ಣೂರಿನ ಇಗರ್ಜಿಯ ಕಸ ಹೊಡೆಯುವ ಕೆಂಪವ್ವನಿಗೆ ಊರಲ್ಲಿ ಯಾರ ಅಂಜಿಕೆಯೂ ಇರಲಿಲ್ಲ. ಗಂಡ ತೀರಿದ ಮೇಲೆ ಮೈದುನರು ಮನೆಯ ಜಾಗ ನುಂಗಲು ಬಂದಾಗ ಕುಡಗೋಲು ಹಿಡಿದು ಹೊಸ್ತಿಲ ಮೇಲೆ ಕೂತವಳು. ಸಂತೆಯಲ್ಲಿ ಜೋಳದ ತೂಕ ಹೊಡೆದವನ ತಕ್ಕಡಿಯನ್ನೇ ಕಿತ್ತುಕೊಂಡು ಮನೆಗೆ ನಡೆದವಳು. ಅಂಥ ಗಟವಾಣಿ ಹೆಂಗಸು ಇಗರ್ಜಿಯೊಳಗೆ ಕಾಲಿಟ್ಟಳೆಂದರೆ ಬೇರೆಯವಳೇ ಆಗಿಬಿಡುತ್ತಿದ್ದಳು. ಕಸಬರಿಗೆಯ ಸಪ್ಪಳವೂ ಕೇಳಿಸಬಾರದು, ಹಾಗೆ ಗುಡಿಸುವಳು. ಪೀಠದ ಮುಂದೆ ಬಂದರಂತೂ ಅವಳ ಕಣ್ಣು ನೆಲ ಬಿಟ್ಟು ಮೇಲೆ ಏಳುತ್ತಿರಲಿಲ್ಲ.

ಪೀಠದ ನಡುವೆ ಸಾಗವಾನಿಯ ಒಂದು ಪೆಟ್ಟಿಗೆ ಇತ್ತು. ಪೂಜೆಯಲ್ಲಿ ಪಾದ್ರಿ ಮಂತ್ರಿಸಿದ ಪ್ರಸಾದದ ಬಿಲ್ಲೆಗಳನ್ನು ಬೆಳ್ಳಿ ಬಟ್ಟಲಲ್ಲಿ ಹಾಕಿ ಅದರೊಳಗೆ ಇಡುತ್ತಿದ್ದರು. ಹೊರಗಿನವರಿಗೆ ಅದು ಗೋದಿ ಹಿಟ್ಟಿನ ತೆಳ್ಳನೆಯ ಹಪ್ಪಳ. ಕ್ರಿಸ್ತುವರಿಗೆ ಅದು ಸಾಕ್ಷಾತ್ ಸ್ವಾಮಿ. ಪೆಟ್ಟಿಗೆಯ ಮುಂದೆ ಸರಪಳಿಯಿಂದ ಇಳಿಬಿಟ್ಟ ಕೆಂಪು ಗಾಜಿನ ದೀಪವಿತ್ತು. ಆ ದೀಪಕ್ಕೆ ಎಣ್ಣೆ ಹಾಕುವುದು, ಬತ್ತಿ ತಿದ್ದುವುದು ಕೆಂಪವ್ವನ ಕೆಲಸ.

ಪಾದ್ರಿ ಕಾಯ್ತಾನ್ ಗೋವೆಯ ಕಡೆಯವರು. ಕೊಣ್ಣೂರಲ್ಲಿ ಮನೆ ಮಾಡಿಕೊಂಡು, ಹುಕ್ಕೇರಿ, ಮೂಡಲಗಿ ಎಂದು ತಟ್ಟು ಕುದುರೆ ಹತ್ತಿ ಸುತ್ತುವವರು. ಕೆಂಪವ್ವನನ್ನು ಕೆಲಸಕ್ಕೆ ಇಟ್ಟುಕೊಂಡ ದಿನವೇ, ತಮ್ಮ ಕಡೆಯ ರೂಢಿಯಂತೆ 'ಬಾಯಿ' ಎಂದು ಕರೆದು ಹೇಳಿದ್ದರು: "ನೋಡು ಬಾಯಿ, ಸ್ವಾಮಿ ಒಳಗ ಇದ್ದಾಗ ದೀಪ ಆರಬಾರದು. ಪೆಟ್ಟಿಗಿ ಕಡೆ ಕೈ ಮಾಡಬಾರದು, ಕಣ್ಣ ಎತ್ತಬಾರದು. ಇಷ್ಟ ತಿಳಕೊಂಡ್ರ ಸಾಕು." ಕೆಂಪವ್ವ ಅಷ್ಟನ್ನೇ ತಿಳಿದುಕೊಂಡಳು, ಆದರೆ ಕಲ್ಲಿನಲ್ಲಿ ಕೊರೆದ ಹಾಗೆ ತಿಳಿದುಕೊಂಡಳು. ಪೂಜೆಯ ಅರಿವೆಗಳನ್ನು ಸಹ, ಪಾದ್ರಿ ಮೊದಲು ತಾವೇ ನೀರಿಗೆ ಅದ್ದಿ ಹಿಂಡಿ ಕೊಟ್ಟ ಮೇಲಷ್ಟೇ ಅವಳು ಒಗೆಯಬೇಕು. ಎಲ್ಲಿಯಾದರೂ ಪ್ರಸಾದದ ಒಂದು ಚೂರು ಅಂಟಿಕೊಂಡಿದ್ದರೆ? ಅದನ್ನು ಮುಟ್ಟಲು ಕೆಂಪವ್ವನ ಕೈ ಯಾತರದು?

ಅವಳಿಗೆ ಒಬ್ಬಳೇ ಮಗಳು, ಕಾಡವ್ವ. ಹಡೆದ ಉಳಿದವನ್ನೆಲ್ಲ ಮಣ್ಣಿಗೆ ಕೊಟ್ಟು ಉಳಿಸಿಕೊಂಡ ಹುಡುಗಿ. ಜ್ಞಾನಸ್ನಾನದಲ್ಲಿ ಪಾದ್ರಿ ಇಟ್ಟ ಹೆಸರು ಆಗ್ನೇಸ್. ಓಣಿಯ ಯಾರ ನಾಲಿಗೆಯೂ ಅದಕ್ಕೆ ಹೊರಳದೆ ಕಾಡವ್ವ ಎಂಬುದೇ ಗಟ್ಟಿಯಾಯಿತು. ಆ ವರ್ಷ ಸ್ವಾಮಿ ಹುಟ್ಟಿದ ನಾತಾಳದ ಹಬ್ಬಕ್ಕೆ ಅವಳು ಮೊದಲ ಪ್ರಸಾದ ತೆಗೆದುಕೊಳ್ಳುವವಳಿದ್ದಳು. ಧರ್ಮಪಾಠದ ಸವಾಲು ಜವಾಬು ಪಟಪಟನೆ ಒಪ್ಪಿಸುವಳು. ಗಿರಣಿಯ ಬಿಳಿ ಅರಿವೆಯ ಪರಕಾರ, ಪೋಲಕ, ತಲೆಗೆ ಒಂದು ರುಮಾಲು ಹೊಲಿದು ಇಟ್ಟಾಗಿತ್ತು. ಮನೆಯಲ್ಲಿ ರೊಟ್ಟಿಯ ತೆಳುವಾದ ಅಂಚು ಮುರಿದುಕೊಂಡು ರೂಢಿ ಮಾಡುವಳು. ಕಣ್ಣು ಮುಚ್ಚಿ, ಕೈ ಜೋಡಿಸಿ, ನಾಲಿಗೆ ಚಾಚಿ, "ಅವ್ವಾ, ಇಡು" ಅನ್ನುವಳು. ಕೆಂಪವ್ವ ಅದರ ಮೇಲೆ ರೊಟ್ಟಿಯ ಚೂರು ಇಡುವಳು. ಜಗಿಯದೆ ನುಂಗಬೇಕಲ್ಲ, ಹುಡುಗಿಗೆ ಬಿಕ್ಕಳಿಕೆ ಹತ್ತುವುದು, ಇಬ್ಬರೂ ನಗುವರು.

ಅದು ದಿಲ್ಲಿಯಲ್ಲಿ ಬಾದಶಹನ ದರಬಾರು ನಡೆದ ವರ್ಷ. ಮಳೆ ಹಿಂದೆ ಸರಿಯುತ್ತಲೇ ಕೊಣ್ಣೂರಲ್ಲಿ ಇಲಿ ಬಿದ್ದವು. ಮೊದಲು ಪೇಟೆಯ ಕಾಳಿನ ಅಂಗಡಿಯಲ್ಲಿ, ಆಮೇಲೆ ಓಣಿ ಓಣಿಯಲ್ಲಿ. ಗಡ್ಡಿ ಬೇನೆ ಬಂತೆಂದು ಯಾರೂ ಹೇಳಬೇಕಾಗಿರಲಿಲ್ಲ. ಆ ಸೀಮೆಯಲ್ಲಿ ಅದರ ಹೆಜ್ಜೆ ಗುರುತು ಎಲ್ಲರಿಗೂ ಗೊತ್ತಿತ್ತು. ತೊಡೆಸಂದಿಯಲ್ಲಿ, ಬಗಲಲ್ಲಿ ಗಡ್ಡೆ ಎದ್ದರೆ ಮುಗಿಯಿತು.

ಮಾಮಲೇದಾರರ ಹುಕುಮಿನ ಮೇಲೆ ಡಂಗುರ ಹೊಡೆದರು. ಹೊತ್ತು ಮುಳುಗುವುದರೊಳಗೆ ಊರು ಖಾಲಿಯಾಗಬೇಕು. ಎಲ್ಲರೂ ಗೋಕಾಕ ಹಾದಿಯ ಏರಿನ ಹೊಲಗಳಲ್ಲಿ ಜೋಪಡಿ ಹಾಕಿಕೊಂಡು ಇರಬೇಕು. ಬಸವಣ್ಣನ ಗುಡಿ, ಮಸೂತಿ, ಇಗರ್ಜಿ, ಎಲ್ಲಕ್ಕೂ ಬೀಗ. ಭಜನೆಗೆ, ಪೂಜೆಗೆ, ಹೆಣಕ್ಕೆ ಸಹ ಮಂದಿ ಕೂಡಬಾರದು. ಊರೊಳಗೆ ಹೊರಳಿ ಕಾಲಿಟ್ಟವರನ್ನು ಹಿಡಿದು ಒಯ್ಯುತ್ತೇವೆ ಎಂದು ಸಾರಿದರು.

ಆ ದಿನದ ಗದ್ದಲ ಕೇಳಬೇಡಿ. ಕೆಂಪವ್ವ ನಸುಕಿನಿಂದ ಹೊಲದಲ್ಲಿ ಗಳ ನೆಡುತ್ತಿದ್ದಳು. ಬೆಳಗಿನ ಎಣ್ಣೆ ಹಾಕಲು ಇಗರ್ಜಿಗೆ ಹೋಗಲು ಆಗಿರಲಿಲ್ಲ. ಸಂಜೆ ಗಂಟು ಕಟ್ಟುವಾಗ, ಪೆಟ್ಟಿಗೆಯ ಮುಂದಿನ ಬಿಳಿ ಪರದೆ ಕಣ್ಣಿಗೆ ಬಿತ್ತು. ಒಗೆಯಲೆಂದು ಹಿಂದಿನ ದಿನ ತಂದಿದ್ದಳು. ಸ್ವಾಮಿಯನ್ನು ಬರಿ ಮೈಯಲ್ಲಿ ಬಿಟ್ಟು ಹೋಗುವುದುಂಟೆ ಎಂದು ಅದನ್ನು ಬಗಲಲ್ಲಿಟ್ಟುಕೊಂಡು ಓಡಿದಳು. ಪಾದ್ರಿಯ ಮನೆಗೆ ಬೀಗ ಬಿದ್ದಿತ್ತು. ಮಧ್ಯಾಹ್ನವೇ ಅವರನ್ನು ಹುಕ್ಕೇರಿಗೆ ಕಳಿಸಿಬಿಟ್ಟಿದ್ದಾರೆ, ನಿಂತ ಕಾಲ ಮೇಲೆ ತಟ್ಟು ಹತ್ತಿಸಿದರು ಎಂದು ಯಾರೋ ಅಂದರು. ಇಗರ್ಜಿಯ ಮುಂಬಾಗಿಲಿಗೂ ಸರಕಾರದ ಬೀಗ. ಆದರೆ ಬಾಜೂ ಬಾಗಿಲಿನ ಕೀಲಿ ಕೆಂಪವ್ವನ ಸೊಂಟದಲ್ಲಿತ್ತು.

ಒಳಗೆ ಹೋದವಳು ಹೊಸ್ತಿಲಲ್ಲೇ ನಿಂತಳು. ದೀಪ ಆರಿತ್ತು.

ಗಾಜಿನಲ್ಲಿ ಹನಿ ಎಣ್ಣೆ ಇರಲಿಲ್ಲ. ಬತ್ತಿ ಮೋಟಾಗಿ, ಕುಡಿ ಕತ್ತರಿಸಿದಂತೆ ಬೋಳಾಗಿತ್ತು. ಅವಳು ಅದನ್ನು ಕಂಡಳು, ಆದರೆ ಅದರ ಬಗ್ಗೆ ವಿಚಾರ ಮಾಡಲಿಲ್ಲ. ತನ್ನ ಕೈಯಿಂದ ತಪ್ಪಾಯಿತು, ಬೆಳಿಗ್ಗೆ ಎಣ್ಣೆ ಹಾಕಲಿಲ್ಲ, ಸ್ವಾಮಿಯನ್ನು ಕತ್ತಲಲ್ಲಿ ಕೂಡಿಸಿದೆ ಎಂಬುದೊಂದೇ ತಲೆಯಲ್ಲಿ. ಇನ್ನೊಂದು ಕಂಡಳು: ಪೆಟ್ಟಿಗೆಯ ಬಾಗಿಲು ಬೆರಳಗಲ ತೆರೆದಿತ್ತು. ಪಾಪ, ಪಾದ್ರಿಗೋಳಿಗೂ ಗಡಿಬಿಡಿ, ಕೀಲಿ ಹಾಕುವುದನ್ನೂ ಮರೆತು ಹೋಗಿದ್ದಾರೆ ಅಂದುಕೊಂಡಳು. ಮುಖ ಗೋಡೆಗೆ ಹೊರಳಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಸೆರಗು ಸುತ್ತಿದ ಬೆರಳಿನಿಂದ ಬಾಗಿಲು ದೂಡಿ ಮುಚ್ಚಿದಳು. ಪರದೆ ತೂಗು ಹಾಕಿದಳು. ಕಪಾಟಿನಲ್ಲಿದ್ದ ಎಣ್ಣೆಯಿಂದ ಗಾಜನ್ನು ಎರಡು ದಿನಕ್ಕಾಗುವಷ್ಟು ತುಂಬಿ, ಉಳಿದದ್ದನ್ನು ಗಿಂಡಿಗೆ ಸುರಿದುಕೊಂಡು, ಹೊಸ ಬತ್ತಿ ಹೊಸೆದು ದೀಪ ಹಚ್ಚಿದಳು. ನೆಲಕ್ಕೆ ಹಣೆ ಹಚ್ಚಿ, "ಇನ್ನ ಆರಗೊಡೂದಿಲ್ಲೋ ಯಪ್ಪಾ" ಅಂದಳು.

ಒಂದೇ ಒಂದು ಸಲ ಕಣ್ಣು ಬಿಟ್ಟು ನೋಡಿದ್ದರೆ! ಆದರೆ ಎತ್ತಿ ನೋಡಬಾರದೆಂದು ಕಲಿತ ಕಣ್ಣು ಅದು.

ಹೊಲದಲ್ಲಿ ಜೋಪಡಿಗಳ ಸಾಲು. ಊರಿಗೆ ಹೋಗುವ ಹಾದಿಯಲ್ಲಿ ಕಾವಲಿಗೆ ಕೂತವನು ವಾಲೀಕಾರ ಯಲ್ಲಾರಿ, ಕೆಂಪವ್ವನ ಓಣಿಯವನೇ. ಕ್ರಿಸ್ತುವನಲ್ಲ, ದುರಗವ್ವನ ಒಕ್ಕಲು. ಮೂರನೆಯ ದಿನ ಮಧ್ಯಾಹ್ನ, ಸಾಹೇಬರ ಮಂದಿ ಉಣ್ಣಲು ಹೋದ ಹೊತ್ತಿನಲ್ಲಿ, ಕೆಂಪವ್ವ ಎಣ್ಣೆಯ ಗಿಂಡಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು.

"ಎಲ್ಲಿಗಿ ಹೊಂಟೀ ಕೆಂಪಕ್ಕಾ?"

"ದೀಪಕ್ಕ ಎಣ್ಣಿ ಹಾಕಿ ಬರ್ತೀನಿ."

"ಊರಾಗ ಇಲಿ ಸತ್ತ ನಾರಾಕತ್ತಾವು. ಯಾರನ್ನೂ ಬಿಡಬ್ಯಾಡ ಅಂದಾರ. ನನ್ನ ವಾಲೀಕಾರಕಿ ಪಟ್ಟಿ ಕಸಗೋತಾರ."

"ನೀ ಆ ಕಡೆ ಮಾರಿ ಮಾಡಿ ತಂಬಾಕ ತಿಕ್ಕು. ಅಷ್ಟರಾಗ ಬಂದಬಿಡ್ತೀನಿ."

ಯಲ್ಲಾರಿ ನಕ್ಕ. "ನಿಮ್ಮ ದೇವ್ರಿಗಿ ಕತ್ತಲಂದ್ರ ಅಂಜಿಕಿ ಏನ? ನಮ್ಮ ದುರಗವ್ವನ ನೋಡು. ಬೀಗಾ ಜಡದ ಬಂದೇವಿ, ಆರಾಮ ಕುಂತಾಳ."

"ನಿಮ್ಮ ದುರಗವ್ವಗ ಸಿಟ್ಟರ ಬರ್ತೈತಿ, ಬೈದು ಕೇಳ್ತಾಳ. ನಮ್ಮವಂಗ ಸಿಟ್ಟ ಬರೂದಿಲ್ಲೋ. ಅದಕ್ಕ ನನಗ ಜೀವ ತಡಿಯೂದಿಲ್ಲ."

ಯಲ್ಲಾರಿ ತಂಬಾಕು ತೆಗೆದ. ಅಲ್ಲಿಂದ ಅದೇ ರೂಢಿಯಾಯಿತು. ಕೆಂಪವ್ವ ದಿನ ಬಿಟ್ಟು ದಿನ ಊರೊಳಗೆ ಹೋಗುವಳು. ಮಂದಿ ಇಲ್ಲದ ಊರನ್ನು ಹಗಲಲ್ಲಿ ನೋಡುವುದು ರಾತ್ರಿ ಸ್ಮಶಾನ ನೋಡುವುದಕ್ಕಿಂತ ಕೆಟ್ಟದ್ದು. ಬಿಸಿಲು ಬೀಳಲೆಂದು ಹಂಚು ತೆಗೆದ ಮನೆಗಳು, ಸುಣ್ಣ ಚೆಲ್ಲಿದ ಅಂಗಳ, ಬೇನೆ ಬಿದ್ದ ಮನೆಯೆಂದು ಬಾಗಿಲಿಗೆ ಗೀಚಿದ ಕೆಂಪು ಗುರುತು. ಇಗರ್ಜಿಯಲ್ಲೂ ಇಲಿ ಬಿದ್ದಿದ್ದವು. ಅವುಗಳನ್ನು ಮೊರದಲ್ಲಿ ಎತ್ತಿ ಹೊರಗೆ ಹಾಕಿ, ನೆಲ ಗುಡಿಸಿ, ದೀಪಕ್ಕೆ ಎಣ್ಣೆ ಹಾಕಿ, ಮುಂದೆ ಕೂತುಕೊಳ್ಳುವಳು. ಜಪ ಅವಳಿಗೆ ಅಷ್ಟು ಬರುತ್ತಿರಲಿಲ್ಲ. ವ್ಯವಹಾರ ಬರುತ್ತಿತ್ತು. "ನಿನ್ನ ದೀಪ ನಾ ನೋಡ್ಕೋತೀನಿ, ನನ್ನ ದೀಪ ನೀ ನೋಡ್ಕೋ" ಎಂದು ಪೆಟ್ಟಿಗೆಗೆ ಹೇಳಿ ಎದ್ದು ಬರುವಳು. ಇಗರ್ಜಿಯಿಂದ ಹೊರಬರುವಾಗ ಎದೆ ಹಗುರಾಗಿರುತ್ತಿತ್ತು. ಊರು ಊರೇ ಹೆದರಿ ಕೂತಾಗ ತಾನು ಸ್ವಾಮಿಗೆ ಒದಗಿದೆನೆಂದು ಅವಳಿಗೆ ಒಂದಿಷ್ಟು ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಬೇಕು.

ಜೋಪಡಿಗೆ ಬಂದಳೆಂದರೆ ಕಾಡವ್ವ ಓಡಿ ಬಂದು ಅವಳ ತೊಡೆಯ ಮೇಲೆ ತಲೆಯಿಟ್ಟು, ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮಲಗುವಳು. "ದೀಪ ಐತೇನವ್ವಾ?" "ಐತಿ." "ಒಳಗ ಅದಾನೇನು?" "ಅದಾನ, ಎಲ್ಲಿ ಹೋಗ್ತಾನ?"

ಇಗರ್ಜಿಯ ಎಣ್ಣೆ ಮುಗಿಯಿತು. ಕೆಂಪವ್ವ ಮನೆಯ ಕುಸುಬಿ ಎಣ್ಣೆಗೆ ಕೈಯಿಟ್ಟಳು. ಒಗ್ಗರಣೆ ನಿಂತಿತು, ಹಿಂಡಿಪಲ್ಲೆ ಒಣಗಿತು.

"ಅವ್ವಾ, ಚಟ್ನಿಗೆ ಒಂದ ಹನಿ ಎಣ್ಣಿ ಹಾಕು. ಗಂಟಲಾಗ ಇಳಿವಲ್ದು."

"ಸ್ವಾಮಿಗಿ ಬೇಕಬೇ. ಇದ್ದದ್ದು ಇಷ್ಟ."

ಕಾಡವ್ವ ಒಣ ರೊಟ್ಟಿ ಮುರಿಯುತ್ತ ವಿಚಾರ ಮಾಡಿ ಅಂದಳು: "ಇರ್ಲಿ ಬಿಡು. ನಾತಾಳಕ್ಕ ನನ್ನ ಬಾಯಾಗ ಬರ್ತಾನಲ್ಲ, ಆವಾಗ ಹಿಡದ ಕೇಳ್ತೀನಿ. ನನ್ನ ಚಟ್ನಿ ಎಣ್ಣಿ ತಿಂದಿ, ತಿರುಗಿ ಕೊಡು ಅಂತೀನಿ."

ಕೆಂಪವ್ವ ನಗುತ್ತ ಅವಳ ತಲೆಗೆ ಮೊಟಕಿದಳು.

ಆಮೇಲೆ ಒಂದು ಬೆಳಗ್ಗೆ ಹುಡುಗಿ ಏಳಲಿಲ್ಲ. ಮೈ ಕೆಂಡದ ಹಾಗೆ ಸುಡುತ್ತಿತ್ತು. ಮಧ್ಯಾಹ್ನಕ್ಕೆ, "ಅವ್ವಾ, ಇಲ್ಲಿ ನೋವು" ಎಂದು ತೊಡೆಸಂದಿ ಮುಟ್ಟಿ ತೋರಿಸಿದಳು. ಕೆಂಪವ್ವ ಮುಟ್ಟಿ ನೋಡಿದಳು. ಮತ್ತೆ ಮುಟ್ಟಲಿಲ್ಲ.

ಜೋಪಡಿಗಳಿಗೆ ಬಂದ ಮೇಲೆ ಒಬ್ಬರಿಗೂ ಬೇನೆ ಬಂದಿರಲಿಲ್ಲ. ಕಾಡವ್ವನದೇ ಮೊದಲು. ಬೇನೆ ನೋಡುವ ಡಾಕ್ಟರ್ ಕುದುರೆ ಮೇಲೆ ಬಂದ, ದೂರ ನಿಂತು ಸಾಲಿನವರನ್ನೆಲ್ಲ ಕೂಗಿ ಕೇಳಿದ: "ಊರಾಗ ಹೋದವ್ರು ಯಾರು? ಸತ್ತ ಇಲಿ ಮೈಮ್ಯಾಲಿನ ಚಿಕ್ಕಾಡು ಅರಿವ್ಯಾಗ ಸೇರ್ಕೊಂಡ ಬರ್ತಾವ. ಯಾರೋ ತಂದಾರ ಇದನ್ನ." ಯಲ್ಲಾರಿ ನೆಲ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಕೆಂಪವ್ವನ ಕೈ ತಾನೇ ಸೆರಗಿಗೆ ಹೋಯಿತು. ದಿನ ಬಿಟ್ಟು ದಿನ ಮೊರದಲ್ಲಿ ಇಲಿ ಎತ್ತುವಾಗ ಮೈಮೇಲಿದ್ದ ಸೆರಗು. ಮಗಳು ಮುಖದ ಮೇಲೆ ಎಳೆದುಕೊಂಡು ಮಲಗಿದ ಸೆರಗು. ಹಾದಿಯ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ. ಅವಳು ಕರೆದದ್ದಷ್ಟೇ ಅಲ್ಲ, ತೊಡೆಯ ಮೇಲೆ ಕೂಡಿಸಿಕೊಂಡು ತಂದಿದ್ದಳು.

ಹುಡುಗಿಯನ್ನು ಸಾಲಿನಿಂದ ದೂರ, ಬೇನೆಯವರಿಗೆಂದು ಹಾಕಿದ ಛಪ್ಪರಕ್ಕೆ ಒಯ್ದರು. ನೋಡಿಕೊಳ್ಳಲು ಬೇರೆ ಯಾರೂ ಬರುವವರಿಲ್ಲವೆಂದು ಕೆಂಪವ್ವನನ್ನೂ ಅಲ್ಲೇ ಬಿಟ್ಟರು. ಡಾಕ್ಟರ್ ಒಂದು ಬಾಟಲಿ ಔಷಧ ಇಟ್ಟು ಹೋದ. ಅದು ಕುಡಿಸಿದಷ್ಟೂ ವಾಂತಿಯಾಗುತ್ತಿತ್ತು.

ಆದರೂ ಕೆಂಪವ್ವನ ನಂಬಿಕೆ ಇನ್ನೂ ಹರಿದಿರಲಿಲ್ಲ. ಮಾತು ಆಗಿತ್ತಲ್ಲ ಸ್ವಾಮಿಯ ಕೂಡ? ತನ್ನ ಕಡೆಯದು ತಾನು ನಡೆಸಿದ್ದಳಲ್ಲ? ಛಪ್ಪರಕ್ಕೆ ಬಂದ ಮರುದಿನವೂ ಹುಡುಗಿಗೆ ನಿದ್ದೆ ಹತ್ತಿದ ಹೊತ್ತು ನೋಡಿ ಓಡಿ ಹೋಗಿ ಎಣ್ಣೆ ಹಾಕಿ ಬಂದಳು. ಮೈ ತೊಳೆದು, ಬೇರೆ ಸೀರೆ ಉಟ್ಟು ಮಗಳನ್ನು ಮುಟ್ಟಿದಳು. ಆಗ ತೊಳೆದರೆ ಏನು ಬಂತು!

ಆ ಸಂಜೆ ಕಾಡವ್ವನಿಗೆ ಸ್ವಲ್ಪ ಎಚ್ಚರ ಬಂತು.

"ಅವ್ವಾ, ನಾತಾಳ ತನಕ ನಾ ಇರೂದಿಲ್ಲಲ್ಲ?"

"ಹಂಗ ಅನ್ನಬಾರದವ್ವಾ."

"ಪಾಠದಾಗ ಐತಿ. ಸಾಯೂ ಮುಂದ ಹಬ್ಬದ ಹಾದಿ ಕಾಯೂದಿಲ್ಲ, ಪ್ರಸಾದ ಕೊಟ್ಟಽ ಕಳಿಸ್ತಾರ. ದಾರಿಗಿ ಬುತ್ತಿ ಅಂತಾರ ಅದಕ್ಕ." ಉಸಿರು ಎಳೆದುಕೊಂಡು ಮತ್ತೆ ಅಂದಳು, "ನನಗ ಬುತ್ತಿ ಕೊಡಸವ್ವಾ. ಒಬ್ಬಾಕಿನಽ ಹೋಗಾಕ ಅಂಜಿಕಿ ಬರ್ತೈತಿ."

ಕೆಂಪವ್ವ ಛಪ್ಪರದಿಂದ ಹೊರಗೆ ಬಂದು ಯಲ್ಲಾರಿಯನ್ನು ಕೂಗಿದಳು. ಅವನು ಹುಕ್ಕೇರಿ ಕಡೆ ಹೊರಟ ಒಬ್ಬ ಸರಕಾರಿ ಗಾಡಿಯವನ ಕೈಯಲ್ಲಿ ಪಾದ್ರಿಗೆ ಹೇಳಿ ಕಳಿಸಿದ. ಪಾದ್ರಿ ಸುದ್ದಿ ಕೇಳಿದವರೇ ಹೊರಟರಂತೆ. ಹಿಡಕಲ್ಲಿನ ಹತ್ತಿರ ಹೊಳೆ ದಾಟುವಲ್ಲಿ ನಾಕಾ ಹಾಕಿದ್ದರು. ಪಾಸು ಇಲ್ಲ, ಬಿಡುವುದಿಲ್ಲ ಅಂದರು. ಕಾಲು ಬಿದ್ದರೂ ಬಿಡಲಿಲ್ಲ. ಹೊತ್ತು ಮುಳುಗುವ ತನಕ ಆ ದಂಡೆಯಲ್ಲಿ ನಿಂತಿದ್ದು ತಿರುಗಿ ಹೋದರೆಂದು ಗಾಡಿಯವನು ಅದರ ಮರುದಿನ ಬೆಳಗ್ಗೆ ಬಂದು ಹೇಳಿದ. ಅಷ್ಟರಲ್ಲಿ ಕಾಡವ್ವನ ತುಟಿ ಕಪ್ಪಾಗಿದ್ದವು.

"ಬಂದ್ರೇನವ್ವಾ?"

"ಬರ್ತಾರ."

ಸುಳ್ಳು ಹೇಳಿ ಕೆಂಪವ್ವ ಛಪ್ಪರದ ಗಳಕ್ಕೆ ತಲೆ ಹಚ್ಚಿ ನಿಂತಳು. ಪಾದ್ರಿ ಬರುವುದಿಲ್ಲ. ಆದರೆ ಸ್ವಾಮಿ ಅಲ್ಲೇ ಇದ್ದಾನೆ, ಕೂಗಳತೆಯಲ್ಲಿ, ಕೀಲಿ ಹಾಕದ ಪೆಟ್ಟಿಗೆಯೊಳಗೆ. ಬಾಜೂ ಬಾಗಿಲಿನ ಕೀಲಿ ತನ್ನ ಸೊಂಟದಲ್ಲಿದೆ. ತರಬಹುದು. ಹಾಗೆ ಅನ್ನಿಸಿದ್ದೇ ತಡ, ಅವಳು ತನ್ನ ಕೈ ನೋಡಿಕೊಂಡಳು. ಒಗೆಯುವ ಅರಿವೆಯ ಚೂರಿಗೂ ಅಂಜಿದ ಕೈ. ಆ ಪೆಟ್ಟಿಗೆಗೆ ಕೈ ಹಾಕಿದರೆ ಯಾವ ಪಾದ್ರಿ ಕ್ಷಮಿಸಿಯಾನು, ಯಾವ ಗಂಗೆ ತೊಳೆದಾಳು? ನರಕವೇ ಗತಿ. ಅವಳು ಆ ಮಾತನ್ನು ಹೊರಳಿಸಿ ಹೊರಳಿಸಿ ನೋಡಿದಳು. ನರಕ ತನಗೆ, ಬುತ್ತಿ ಮಗಳಿಗೆ. ಮೊದಲೇ ಬೇನೆ ತಂದು ಹಾಕಿದವಳು ತಾನು. ಇನ್ನು ಎಂಥ ಪಾಪಕ್ಕೆ ಅಂಜಬೇಕು?

"ಹೋದ್ರ ನಾ ಹೋಗ್ತೀನಿ ನರಕಕ್ಕ," ಎಂದು ಬಾಯಿ ಬಿಟ್ಟೇ ಅಂದಳು.

ಮಧ್ಯಾಹ್ನ ಸೀಗೆಕಾಯಿ ಹಚ್ಚಿ ಮೊಣಕೈ ತನಕ ಕೈ ತಿಕ್ಕಿ ತೊಳೆದಳು. ಕಾಡವ್ವನ ತಲೆಗೆಂದು ಹೊಲಿದ ಬಿಳಿ ರುಮಾಲನ್ನು ಗಂಟಿನಿಂದ ತೆಗೆದಳು. ಯಲ್ಲಾರಿ ಹಾದಿಯಲ್ಲಿ ಎದ್ದು ನಿಂತ. ಈ ಸಲ ಅವನು ನಗಲಿಲ್ಲ.

"ಪ್ರಸಾದ ತರಾಕ ಹೊಂಟೀನಿ," ಅಂದಳು ಕೆಂಪವ್ವ. "ಪಾದ್ರಿ ಇಲ್ಲದಽ ಅದನ್ನ ಮುಟ್ಟಬಾರದು. ಮುಟ್ಟಾಕಿದೀನಿ."

ಯಲ್ಲಾರಿ ಹಾದಿ ಬಿಟ್ಟು ಪಕ್ಕಕ್ಕೆ ಸರಿದ. "ದೇವ್ರು ಕೊಟ್ರೂ ಪೂಜಾರಿ ಕೊಡೂದಿಲ್ಲ ಅಂತಾರ ಕೆಂಪಕ್ಕಾ. ಈಗ ಪೂಜಾರಿ ನಡುವ ಇಲ್ಲ. ಹೋಗು, ಹುಡುಗಿಗಿ ತಂದ ಕೊಡು."

ಇಗರ್ಜಿಯೊಳಗೆ ದೀಪ ಉರಿಯುತ್ತಿತ್ತು. ಕೆಂಪು ಬೆಳಕು ಪರದೆಯ ಮೇಲೆ ಬಿದ್ದಿತ್ತು. ಕೆಂಪವ್ವ ಮೊಣಕಾಲೂರಿದಳು. ಬಾಯಿಗೆ ಬಂದದ್ದನ್ನು ಹೇಳಿಕೊಂಡಳು: "ಸಿಟ್ಟಾಗಬ್ಯಾಡ. ಆದ್ರ ನನ್ನ ಮ್ಯಾಲ ಆಗು. ಆಕಿ ನಿನಗ ಎಣ್ಣಿ ಬಿಟ್ಟ ಕೊಟ್ಟಾಳ, ಒಣಾ ರೊಟ್ಟಿ ತಿಂದಾಳ. ಆಕಿ ಕೂಡ ಹೋಗು." ಎದ್ದಳು. ಪರದೆ ಸರಿಸಿದಳು. ಬಾಗಿಲಿಗೆ ಕೈ ಹಚ್ಚಿದಾಗ ಸಿಡಿಲು ಬೀಳುತ್ತದೆಂದೇ ಅವಳು ತಿಳಿದಿದ್ದಳು. ಏನೂ ಬೀಳಲಿಲ್ಲ. ಬಾಗಿಲು ಸಪ್ಪಳವಿಲ್ಲದೆ ತೆರೆಯಿತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಕೆಂಪವ್ವ ಕಣ್ಣೆತ್ತಿ ಒಳಗೆ ನೋಡಿದಳು.

ಒಳಗೆ ಏನೂ ಇರಲಿಲ್ಲ.

ಬಟ್ಟಲು ಇರಲಿಲ್ಲ, ಬಿಲ್ಲೆ ಇರಲಿಲ್ಲ. ಮಡಿಸಿಟ್ಟ ಒಂದು ಬಿಳಿ ಅರಿವೆ, ಅಷ್ಟೇ. ಅವಳು ಅರಿವೆ ಎತ್ತಿ ಕೊಡವಿದಳು. ಪೆಟ್ಟಿಗೆಯೊಳಗೆ ಕೈ ಹಾಕಿ ಮೂಲೆ ಮೂಲೆ ತಡವಿದಳು. ಕಟ್ಟಿಗೆ ಕೈಗೆ ಹತ್ತಿತು.

ಕಳ್ಳರು ಬಂದರೇ? ಕೀಲಿ ಮುರಿದಿಲ್ಲ, ಪೀಠದ ಹಿತ್ತಾಳೆಯ ಮೇಣದಬತ್ತಿ ಕಂಬಗಳು ನಿಂತಲ್ಲೇ ನಿಂತಿವೆ. ಆಗ ಅವಳಿಗೆ ಆ ಸಂಜೆಯ ಬತ್ತಿ ಕಣ್ಣ ಮುಂದೆ ಬಂತು. ಎಣ್ಣೆ ತೀರಿ ಆರಿದ ಬತ್ತಿ ಕರಕಲಾಗುತ್ತದೆ, ಬುಡದ ತನಕ ಸುಡುತ್ತದೆ. ಆ ಬತ್ತಿ ಸುಟ್ಟಿರಲಿಲ್ಲ. ಕತ್ತರಿಯಿಂದ ಕತ್ತರಿಸಿದ್ದರು. ಗಾಜನ್ನು ಒರೆಸಿಟ್ಟಿದ್ದರು. ಬಾಗಿಲನ್ನು ಮರೆತು ಬಿಟ್ಟಿರಲಿಲ್ಲ, ತೆರೆದೇ ಇಟ್ಟಿದ್ದರು. ತಿರುಗಿ ಬರಲು ಆಗುತ್ತದೋ ಇಲ್ಲವೋ ಎಂದು ಪಾದ್ರಿ ಹೊರಡುವ ಮುಂಚೆ ಪ್ರಸಾದವನ್ನೆಲ್ಲ ತಾವೇ ಸೇವಿಸಿ, ಬಟ್ಟಲನ್ನು ಕಟ್ಟಿಕೊಂಡು, ಇನ್ನು ಇಲ್ಲಿ ಸ್ವಾಮಿ ಇಲ್ಲ ಎಂದು ದೀಪ ಆರಿಸಿ ಹೋಗಿದ್ದರು. ಆರಿಸಿದ ದೀಪವನ್ನು ತಾನು ಹಚ್ಚಿದ್ದಳು. ಯಾರೂ ಇಲ್ಲದ ಮನೆಗೆ ಕಾವಲು ಕೂತು, ಬರಿ ಕಟ್ಟಿಗೆಯ ಮುಂದೆ ವ್ಯವಹಾರ ಮಾಡಿ, ಅದರ ಸಲುವಾಗಿ ಸತ್ತ ಇಲಿಗಳ ನಡುವೆ ಓಡಾಡಿ, ಬೇನೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಗಳ ಮುಖದ ಮೇಲೆ ಹೊದಿಸಿದ್ದಳು.

ಅವಳು ಅಳಲಿಲ್ಲ. ಅಳಲು ಹೊತ್ತಿರಲಿಲ್ಲ. ಖಾಲಿ ರುಮಾಲು ಹಿಡಿದುಕೊಂಡು, ದೀಪದ ಕಡೆ ನೋಡದೆ ಓಡಿದಳು.

ಕಾಡವ್ವ ಹಾದಿ ಕಾಯುತ್ತಿದ್ದಳು. ಅವ್ವನ ಕೈಯಲ್ಲಿ ಬಿಳಿ ರುಮಾಲು ಕಂಡವಳೇ ಕೈ ಜೋಡಿಸಲು ನೋಡಿದಳು, ಕೈ ಏಳಲಿಲ್ಲ. ಕಣ್ಣು ಮುಚ್ಚಿ ನಾಲಿಗೆ ಚಾಚಿದಳು. ಒಣಗಿ ಸೀಳಿದ ನಾಲಿಗೆ. ಮೂಲೆಯ ಬುಟ್ಟಿಯಲ್ಲಿ ನಿನ್ನೆಯ ರೊಟ್ಟಿ ಇತ್ತು. ಅದರ ಅಂಚು ಮುರಿದು ಇಟ್ಟರೆ ಹುಡುಗಿಗೆ ತಿಳಿಯುತ್ತಿರಲಿಲ್ಲ. ಕೆಂಪವ್ವನ ಕೈ ಬುಟ್ಟಿಯ ತನಕ ಹೋಯಿತು. ಆದರೆ ಇಷ್ಟು ದಿನ ಅವಳು ಮಗಳಿಗೆ ಹೇಳಿದ್ದೆಲ್ಲ ಸುಳ್ಳೇ ಆಗಿತ್ತು. ಇನ್ನೊಂದು ಸುಳ್ಳನ್ನು ಆ ನಾಲಿಗೆಯ ಮೇಲೆ ಇಡಲು ಅವಳಿಂದ ಆಗಲಿಲ್ಲ.

"ಇಲ್ಲವ್ವಾ," ಅಂದಳು. "ಪೆಟ್ಟಿಗಿ ಖಾಲಿ ಐತಿ. ಪಾದ್ರಿಗೋಳು ಹೋಗೂ ಮುಂದಽ ಎಲ್ಲಾ ತಗೊಂಡ ಹೋಗ್ಯಾರ. ಸ್ವಾಮಿ ಅಲ್ಲಿ ಇರ್ಲೇ ಇಲ್ಲ."

ಕಾಡವ್ವ ನಾಲಿಗೆ ಒಳಗೆ ತೆಗೆದುಕೊಂಡಳು. ಕಣ್ಣು ಬಿಟ್ಟು ಅವ್ವನನ್ನು ಬಹಳ ಹೊತ್ತು ನೋಡಿದಳು.

"ಮತ್ತ ನನ್ನ ಎಣ್ಣಿ ಯಾರ ತಿಂದ್ರವ್ವಾ?" ಅಂದಳು.

ಸಿಟ್ಟಿನಿಂದ ಕೇಳಿದ್ದಲ್ಲ. ತಿಳಿಯದೆ ಕೇಳಿದ್ದು. ಕೆಂಪವ್ವ ಮಗಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಹೊತ್ತು ಮುಳುಗುವ ಮುಂಚೆ ಹುಡುಗಿ ಬುತ್ತಿ ಇಲ್ಲದೆಯೇ ಹೋದಳು.

ಬಿಳಿ ಪರಕಾರ ಉಡಿಸಿ, ರುಮಾಲು ತಲೆಗೆ ಕಟ್ಟಿದಳು. ಸುಣ್ಣ ಹಾಕಿದ ಕುಣಿಗೆ ಯಲ್ಲಾರಿ ಮತ್ತು ಇನ್ನೊಬ್ಬ ಹೊತ್ತು ಒಯ್ದರು. ಮಂದಿ ಕೂಡುವಂತಿರಲಿಲ್ಲ. ಮಂತ್ರ ಹೇಳುವವರಿರಲಿಲ್ಲ. ಯಲ್ಲಾರಿ ಎರಡು ಬಾರುಕೋಲು ಅಡ್ಡಲಾಗಿ ಕಟ್ಟಿ ಮಣ್ಣಿನಲ್ಲಿ ನೆಟ್ಟು, "ಹಿಂಗ ಅಲ್ಲೇನ ಕೆಂಪಕ್ಕಾ ನಿಮ್ಮದು?" ಎಂದು ಕೇಳಿದ. ಹೌದೆಂದು ಅವಳು ತಲೆಯಾಡಿಸಿದಳು. ಊರೊಳಗೆ ದೀಪ ಯಾವಾಗ ಆರಿತೋ ಯಾರೂ ನೋಡಲಿಲ್ಲ. ಕೆಂಪವ್ವ ಮತ್ತೆ ಹೋಗಲಿಲ್ಲ.

ಬೇನೆ ಅವಳನ್ನು ಮುಟ್ಟಲಿಲ್ಲ. ಅದಕ್ಕೂ ಒಂದು ಸಿಟ್ಟು ಅವಳಿಗೆ.

ಬೇಸಿಗೆ ಕಾಲಿಡುತ್ತಲೇ ಹುಕುಮು ಸಡಿಲಿತು. ಮಂದಿ ಮನೆಗಳಿಗೆ ತಿರುಗಿದರು, ಗುಡಿ ಮಸೂತಿಗಳ ಬೀಗ ತೆಗೆದರು. ಪಾದ್ರಿ ಕಾಯ್ತಾನ್ ಹುಕ್ಕೇರಿಯಿಂದ ಬಂದು ಮೊದಲ ಪೂಜೆ ಮಾಡಿದರು. ಉಳಿದ ಕ್ರಿಸ್ತುವರೆಲ್ಲ ಬಂದು ಅತ್ತು ಹೋದರು. ಕೆಂಪವ್ವ ಬಾಗಿಲ ಹತ್ತಿರ ಕೂತಿದ್ದಳು, ಪ್ರಸಾದಕ್ಕೆ ಏಳಲಿಲ್ಲ. ಎಲ್ಲರೂ ಹೋದ ಮೇಲೆ ಪಾದ್ರಿ ಅವಳ ಹತ್ತಿರ ಬಂದು ನೆಲದ ಮೇಲೇ ಕೂತರು. ಯಲ್ಲಾರಿ ಅವರಿಗೆ ಎಲ್ಲ ಹೇಳಿದ್ದ.

"ನಿನಗ ಹೇಳಿ ಹೋಗಬೇಕಾಗಿತ್ತು ಬಾಯಿ. ಹುಕುಮು ತಂದಾವ ಬಾಗಲದಾಗ ನಿಂತಿದ್ದ, ನೀ ಹೊಲದಾಗ ಇದ್ದಿ. ಬಾಗಲಾ ತಗದಽ ಇಟ್ಟಿದ್ನಿ. ನೋಡಿದವ್ರಿಗಿ ಖಾಲಿ ಐತಿ ಅಂತ ತಿಳೀತೈತಿ ಅಂದ್ಕೊಂಡ್ನಿ."

"ನೋಡಬಾರದು ಅಂತ ಕಲಿಸಿದವ್ರು ನೀವಲ್ರಿ?" ಅಂದಳು ಕೆಂಪವ್ವ.

ಪಾದ್ರಿ ತಲೆ ತಗ್ಗಿಸಿದರು. "ನಿನ್ನ ತಪ್ಪಲ್ಲ," ಅಂದರು. "ಆ ಹುಡುಗಿ ಬೇಡಿದ್ದನ್ನ ಸ್ವಾಮಿ ಕೇಳ್ಯಾನ. ಬೇಡಿದವ್ರಿಗಿ ಸಿಕ್ಕಂಗಽ ಲೆಕ್ಕ."

"ಆಕಿಗಿ ಸಿಕ್ಕಿದ್ದ ಏನ ಅಂತ ನಾ ನೋಡೀನ್ರಿ."

ಪಾದ್ರಿ ಎದ್ದು ಒಳಗಿನಿಂದ ಹೊಸ ಎಣ್ಣೆಯ ಡಬ್ಬಿ ತಂದು ಅವಳ ಮುಂದಿಟ್ಟರು. "ಇವತ್ತ ಪ್ರಸಾದ ಒಳಗ ಇಟ್ಟೇನಿ. ದೀಪ ಹಚ್ಚಬೇಕು, ಬಾಯಿ."

ಕೆಂಪವ್ವ ಡಬ್ಬಿ ತೆಗೆದುಕೊಂಡು ಪೀಠದ ಮುಂದೆ ಬಂದಳು. ಮೊದಲಿನ ಹಾಗೆ ಕಣ್ಣು ತಗ್ಗಿಸಲಿಲ್ಲ, ಪೆಟ್ಟಿಗೆಯ ನೇರಕ್ಕೆ ನಿಂತಳು.

"ಬಾಗಲಾ ತಗೀರಿ."

"ಬಾಯಿ, ಹಂಗ..."

"ತಗೀರಿ. ಈ ಸರ್ತಿ ನೋಡೇ ಎಣ್ಣಿ ಹಾಕಾಕಿ ನಾ."

ಪಾದ್ರಿ ಕೀಲಿ ತಿರುವಿದರು. ಬೆಳ್ಳಿ ಬಟ್ಟಲು ಹೊಳೆಯಿತು. ಕೆಂಪವ್ವ ಕದಲಲಿಲ್ಲ. ಪಾದ್ರಿ ಅವಳ ಮುಖ ನೋಡಿ, ಬಟ್ಟಲಿನ ಮುಚ್ಚಳವನ್ನೂ ತೆಗೆದು ಬಗ್ಗಿಸಿ ಹಿಡಿದರು. ಒಳಗೆ ಬಿಳಿ ಬಿಲ್ಲೆಗಳಿದ್ದವು, ಗಾಳಿಗೆ ಹಾರುವಷ್ಟು ತೆಳುವಾದವು. ರೊಟ್ಟಿಯ ಅಂಚಿಗಿಂತ ತೆಳು. ಕೆಂಪವ್ವ ಅವುಗಳನ್ನು ಒಂದೊಂದಾಗಿ ನೋಡಿದಳು.

ಆಮೇಲೆ ಸರಪಳಿ ಇಳಿಸಿ ಗಾಜಿಗೆ ಎಣ್ಣೆ ಹಾಕಿದಳು, ಬತ್ತಿ ಹೊಸೆದು ತಿದ್ದಿ ಇಟ್ಟಳು. ಕಡ್ಡಿಪೆಟ್ಟಿಗೆ ತೆಗೆದಳು. ಗೀರಲಿಲ್ಲ. ಅದನ್ನು ಪಾದ್ರಿಯ ಕೈಯಲ್ಲಿ ಇಟ್ಟಳು.

"ಆರ್ಸಿದವ್ರು ನೀವು. ಹಚ್ಚೂದೂ ನೀವಽ ಹಚ್ರಿ," ಎಂದು, ಕಸಬರಿಗೆ ತೆಗೆದುಕೊಂಡು ಬಾಗಿಲ ಕಡೆಯಿಂದ ನೆಲ ಗುಡಿಸಲು ಸುರು ಮಾಡಿದಳು.